ಮಂಡಿಯ ಮೃದ್ವಸ್ಥಿ: ಮೂರು ಲಕ್ಷ ಕೋಶ 1.3 ಕೋಟಿ ಆಗುವ ಲೆಕ್ಕ

ಮಂಡಿಯ ಮೃದ್ವಸ್ಥಿ (ಕಾರ್ಟಿಲೇಜ್) ಒಮ್ಮೆ ಕಿತ್ತುಹೋದರೆ ತಾನಾಗಿ ತುಂಬಿಕೊಳ್ಳುವುದಿಲ್ಲ. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಇರುವ ಕೋಶಗಳು ಹಲಸಿನ ತೊಳೆಯೊಳಗಿನ ಬೀಜದ ಹಾಗೆ ಸುತ್ತಲಿನ ಗಟ್ಟಿ ಹಂದರದ, ಅಂದರೆ ಮ್ಯಾಟ್ರಿಕ್ಸ್‌ನ, ಒಂದೊಂದು ಗೂಡಿನಲ್ಲಿ ಹುದುಗಿ ಕೂತಿರುತ್ತವೆ; ಪಕ್ಕದಲ್ಲೇ ಗುಂಡಿ ಬಿದ್ದರೂ ಎದ್ದು ಬರಲಾರವು. ಅದಕ್ಕೇ ಭಾರ ಬೀಳದ ಅಂಚಿನಿಂದ ಒಂದು ಚೂರು ತೆಗೆದು, ಕೋಶ ಬಿಡಿಸಿ, ಲ್ಯಾಬಿನಲ್ಲಿ ಸಂಖ್ಯೆ ಹೆಚ್ಚಿಸಿ, ಮರಳಿ ಗುಂಡಿಗೆ ಹಾಕುವ ದಾರಿ ಹುಟ್ಟಿತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 1987ರಲ್ಲಿ ಇದನ್ನು ಮೊದಲು ರೋಗಿಯ ಮೇಲೆ ಮಾಡಿದರು. 23 ರೋಗಿಗಳ ಫಲಿತಾಂಶ 1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅಮೆರಿಕದಲ್ಲಿ 1997ರಲ್ಲಿ ಕಾರ್ಟಿಸೆಲ್‌ಗೆ ಒಪ್ಪಿಗೆ ಸಿಕ್ಕಿತು, 2016ರ ಡಿಸೆಂಬರಿನಲ್ಲಿ ಕೋಶಗಳನ್ನು ಕೊಲಾಜನ್ ಪೊರೆಯ ಮೇಲೆ ಕೂರಿಸಿ ಕೊಡುವ ಮಾಸಿಗೆ ಸಿಕ್ಕಿತು. ಯುರೋಪಿನಲ್ಲಿ 2017ರಲ್ಲಿ, ಕೋಶಗಳನ್ನು ಪುಟ್ಟ ಗುಂಡುಗಳಾಗಿ ಕಟ್ಟಿ ಹಾಕುವ ಸ್ಫೆರಾಕ್ಸ್ ಬಂತು.

ಕೋಶ ಬೆಳೆಸುವುದನ್ನು ಯಾವುದೇ ಬಯಾಲಜಿ ಲ್ಯಾಬಿನಲ್ಲಿ ಎಂಎಸ್ಸಿ ವಿದ್ಯಾರ್ಥಿ ಎರಡು ವಾರದಲ್ಲಿ ಕಲಿಯುತ್ತಾನೆ. ಮನುಷ್ಯನ ದೇಹಕ್ಕೆ ಮರಳಿ ಹೋಗುವ ಕೋಶ ಬೆಳೆಸುವಾಗ ಲೆಕ್ಕವೇ ತಿರುಗುತ್ತದೆ. ಇಲ್ಲಿ ಎಷ್ಟು ಹೆಚ್ಚು ಬೆಳೆಸಿದೆವು ಅನ್ನುವುದಕ್ಕಿಂತ ಎಷ್ಟು ಕಡಿಮೆ ಸಲ ಇಬ್ಭಾಗವಾಗಿಸಿ ಕೆಲಸ ಮುಗಿಸಿದೆವು ಅನ್ನುವುದೇ ಮುಖ್ಯ.

ಯಾಕೆಂದರೆ ಕಾಂಡ್ರೋಸೈಟ್, ಅಂದರೆ ಮೃದ್ವಸ್ಥಿಯ ಕೋಶ, ಫ್ಲಾಸ್ಕಿನ ಪ್ಲಾಸ್ಟಿಕ್ಕಿಗೆ ಅಂಟಿದ ಗಳಿಗೆಯಿಂದ ತನ್ನ ಕಸುಬು ಮರೆಯಲು ಶುರುಮಾಡುತ್ತದೆ. ಗುಂಡಗಿದ್ದದ್ದು ಚಪ್ಪಟೆಯಾಗಿ, ಉದ್ದವಾಗಿ, ನಾರು ನೇಯುವ ಸಾಮಾನ್ಯ ಕೋಶವಾದ ಫೈಬ್ರೊಬ್ಲಾಸ್ಟ್ ಹಾಗೆ ಕಾಣತೊಡಗುತ್ತದೆ. ಮ್ಯಾಟ್ರಿಕ್ಸ್‌ನ ಪ್ರೋಟೀನುಗಳಾದ ಎರಡನೇ ಬಗೆಯ ಕೊಲಾಜನ್ ಮತ್ತು ಅಗ್ರಿಕ್ಯಾನ್ ತಯಾರಿ ಇಳಿಯುತ್ತದೆ, ಒಂದನೇ ಬಗೆಯ ಕೊಲಾಜನ್ ಏರುತ್ತದೆ. ಮಂಡಿಗೆ ಬೇಕಾದದ್ದು ಇಳಿಯುವ ಜೋಡಿ. ಏರುವುದು ಗಾಯದ ಕಲೆಯ ಸಾಮಗ್ರಿ. ಹೀಗೆ ಸ್ವಭಾವ ಬಿಟ್ಟ ಕೋಶಗಳನ್ನು ಅಗರೋಸ್ ಜೆಲ್‌ನೊಳಗೆ ಮತ್ತೆ ಗುಂಡಗೆ ಇಟ್ಟರೆ ಹಳೆಯ ಕಸುಬಿಗೆ ಮರಳುತ್ತವೆ ಎಂದು ಬೆನ್ಯಾ ಮತ್ತು ಶಾಫರ್ 1982ರಲ್ಲೇ ತೋರಿಸಿದ್ದಾರೆ. ಆದರೆ ಆ ಮರಳುವ ಶಕ್ತಿ ಪ್ರತಿ ಇಬ್ಭಾಗಕ್ಕೂ ಕರಗುತ್ತಾ ಹೋಗುತ್ತದೆ.

ಮೊದಲು ಕಾಗದದ ಮೇಲೆ

ಬಯಾಪ್ಸಿ, ಅಂದರೆ ಮಂಡಿಯಿಂದ ತೆಗೆದ ಚೂರು, ಬರುವ ಮೊದಲೇ ಲೆಕ್ಕ ಹಾಕಬೇಕು. ಗುಂಡಿ 5 ಚದರ ಸೆಂ.ಮೀ. ಎಂದಿಟ್ಟುಕೊಳ್ಳಿ. ಚದರ ಸೆಂ.ಮೀ.ಗೆ 10 ಲಕ್ಷ ಕೋಶ ಬೇಕೆಂದರೆ 50 ಲಕ್ಷ ಆಯಿತು. ಪೊರೆಯನ್ನು ಗುಂಡಿಯ ಆಕಾರಕ್ಕೆ ಕತ್ತರಿಸುವಾಗ ಅಂಚು ಹೋಗುತ್ತದೆ, ಹಾಕಿದ್ದೆಲ್ಲ ಅಂಟುವುದಿಲ್ಲ, ಪರೀಕ್ಷೆಗೆ ಕೋಶ ಬೇಕು, ಒಂದು ಪಾಲು ಹೆಪ್ಪುಗಟ್ಟಿಸಿ ಇಡಬೇಕು. ಕೈಯಲ್ಲಿ 1.2 ಕೋಟಿ ಇಲ್ಲದೆ ನೆಮ್ಮದಿ ಇಲ್ಲ.

ಬರುವ ಚೂರು 200ರಿಂದ 300 ಮಿ.ಗ್ರಾಂ. ಅದರಿಂದ ಜೀವಂತವಾಗಿ ಬಿಡಿಸಿಕೊಂಡದ್ದು 3 ಲಕ್ಷ ಕೋಶ ಎಂದು ಕೈ ಬಿಗಿಹಿಡಿದೇ ಲೆಕ್ಕ ಮಾಡಿ. 40 ಪಟ್ಟು ಹೆಚ್ಚಬೇಕು, ಅಂದರೆ 5.3 ಇಬ್ಭಾಗ. ಇದನ್ನು ಎರಡು ಹಂತದಲ್ಲಿ ಮುಗಿಸಬಹುದು. 3 ಲಕ್ಷವನ್ನು ಒಂದು ಟಿ-75 ಫ್ಲಾಸ್ಕಿಗೆ (ತಳ 75 ಚದರ ಸೆಂ.ಮೀ.) ಹಾಕಿದರೆ ಚದರ ಸೆಂ.ಮೀ.ಗೆ 4,000 ಆಗುತ್ತದೆ. ಶೇ. 80ರಷ್ಟು ನೆಲ ಮುಚ್ಚಿದಾಗ ಚದರ ಸೆಂ.ಮೀ.ಗೆ ಸುಮಾರು 25,000, ಒಟ್ಟು ಹತ್ತಿರಹತ್ತಿರ 19 ಲಕ್ಷ. ಅದನ್ನು ಮೂರು ಟಿ-175ಕ್ಕೆ ಹಂಚಿದರೆ ಚದರ ಸೆಂ.ಮೀ.ಗೆ 3,600, ಮತ್ತೆ ಶೇ. 80 ತುಂಬುವಷ್ಟರಲ್ಲಿ 1.3 ಕೋಟಿ. ಮೊದಲ ಹಂತಕ್ಕೆ 10-11 ದಿನ, ಏಕೆಂದರೆ ಬಿಡಿಸಿಕೊಂಡ ಕೋಶ ಅಂಟಿ ಸುಧಾರಿಸಿಕೊಳ್ಳಲೇ ಮೂರ್ನಾಲ್ಕು ದಿನ ಬೇಕು. ಎರಡನೆಯದಕ್ಕೆ ಸುಮಾರು 8 ದಿನ.

ಪ್ಯಾಸೇಜ್ ಸಂಖ್ಯೆ, ಅಂದರೆ ಕೋಶಗಳನ್ನು ಎಷ್ಟು ಸಲ ಕಿತ್ತು ಹೊಸ ಫ್ಲಾಸ್ಕಿಗೆ ಹಾಕಿದೆವು ಅನ್ನುವುದನ್ನು, ಮಾತ್ರ ಬರೆದಿಟ್ಟುಕೊಳ್ಳುವವರನ್ನು ನಾನು ನಂಬುವುದಿಲ್ಲ. ಒಬ್ಬರ ಎರಡು ಪ್ಯಾಸೇಜ್‌ನಲ್ಲಿ ನಾಲ್ಕು ಇಬ್ಭಾಗ ಇರಬಹುದು, ಇನ್ನೊಬ್ಬರದರಲ್ಲಿ ಎಂಟು. ಪ್ರತಿ ಕೊಯ್ಲಿನಲ್ಲೂ ಹಾಕಿದ ಸಂಖ್ಯೆ, ತೆಗೆದ ಸಂಖ್ಯೆ, ಅವುಗಳ ಅನುಪಾತದ 2ರ ಲಾಗರಿದಮ್ (ಅದೇ ಇಬ್ಭಾಗಗಳ ಸಂಖ್ಯೆ) ಬ್ಯಾಚ್ ದಾಖಲೆಯಲ್ಲಿ ಇರಬೇಕು, ಮಿತಿ ಎಷ್ಟು ಎಂಬುದೂ ಮೊದಲೇ ಬರೆದಿರಬೇಕು.

ಎಣಿಕೆಯೇ ತಪ್ಪಾದರೆ ಇದೆಲ್ಲ ನೀರ ಮೇಲಿನ ಹೋಮ. ಕೋಶ ಎಣಿಸುವ ಗೆರೆಗಾಜಾದ ಹೀಮೋಸೈಟೋಮೀಟರಿನಲ್ಲಿ 25 ಕೋಶ ಎಣಿಸಿ ನಿಲ್ಲಿಸಿದರೆ ಬರೀ ಅದೃಷ್ಟದ ಏರುಪೇರೇ ಶೇ. 20, 100 ಎಣಿಸಿದರೆ ಶೇ. 10, 400 ಎಣಿಸಿದರೆ ಶೇ. 5. ಮೊದಲ ದಿನ ದ್ರಾವಣದಲ್ಲಿ ಮ್ಯಾಟ್ರಿಕ್ಸ್ ಚೂರುಗಳು ಕೋಶದ ವೇಷದಲ್ಲಿ ತೇಲುತ್ತಿರುತ್ತವೆ, ಹಾಗಾಗಿ ಆವತ್ತು ಸತ್ತ ಕೋಶಕ್ಕೆ ಬಣ್ಣ ಹಿಡಿಯುವ ಟ್ರಿಪಾನ್ ಬ್ಲೂ ಜೊತೆಗೆ ನ್ಯೂಕ್ಲಿಯಸ್ಸಿಗೆ ಬಣ್ಣ ಹಿಡಿಯುವ ಡೈ ಕೂಡ ಬಳಸುವುದು ಒಳ್ಳೆಯದು.

ಚೂರಿನಿಂದ ಕೋಶಕ್ಕೆ

ಇಡೀ ಕೆಲಸದ ಹಣೆಬರಹ ಬರೆಯುವುದು ಮೊದಲ ರಾತ್ರಿ. ಚೂರು ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಹಾಕಿದ ದ್ರಾವಣದಲ್ಲಿ, 2-8 ಡಿಗ್ರಿಯಲ್ಲಿ ಬರುತ್ತದೆ. ಪೆನಿಸಿಲಿನ್ ಜಾತಿಯ ಆಂಟಿಬಯಾಟಿಕ್ ಹತ್ತಿರಕ್ಕೂ ಬೇಡ: ರೋಗಿಗೆ ಅಲರ್ಜಿ ಇದ್ದರೆ ಉಳಿಕೆ ಅಂಶವೇ ಸಾಕು. ಸೋಸಿದ ಗಾಳಿ ಹರಿಯುವ ಹುಡ್‌ನೊಳಗೆ ಮೂರು ಸಲ ತೊಳೆದು ತೂಗಿ. ಆಮೇಲೆ ಚೂರನ್ನು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಮೃದ್ವಸ್ಥಿ ಎಳೆ ತೆಂಗಿನಕಾಯಿಯ ಗಂಜಿಯ ಹಾಗೆ ಹಾಲುಬಿಳುಪು, ಸ್ವಲ್ಪ ನೀಲಿ ಛಾಯೆ, ಹೊಳಪು. ಅಂಚಿಗೆ ಗುಲಾಬಿ ಬಣ್ಣದ ಮೆತ್ತನೆಯ ಎಳೆ ಅಂಟಿದ್ದರೆ ಅದು ಸೈನೋವಿಯಂ, ಅಂದರೆ ಕೀಲಿನ ಒಳಪೊರೆ. ಸ್ಕಾಲ್ಪೆಲ್‌ನಿಂದ ಕೆರೆದು ತೆಗೆಯಲೇಬೇಕು.

ಎಷ್ಟು ಮುಖ್ಯ ಅಂದರೆ: ಕಾಂಡ್ರೋಸೈಟ್ ಇಮ್ಮಡಿಯಾಗಲು 2.5 ದಿನ, ಒಳಪೊರೆಯ ಫೈಬ್ರೊಬ್ಲಾಸ್ಟ್‌ಗೆ 1.5 ದಿನ ಎಂದಿಟ್ಟುಕೊಳ್ಳಿ. ಆರಂಭದಲ್ಲಿ ಶೇ. 2 ಮಾತ್ರ ಫೈಬ್ರೊಬ್ಲಾಸ್ಟ್. 14 ದಿನದ ಬೆಳವಣಿಗೆಯಲ್ಲಿ ಮೊದಲನೆಯದು 48 ಪಟ್ಟು ಆದರೆ ಎರಡನೆಯದು 640 ಪಟ್ಟು ದಾಟುತ್ತದೆ. ಕೊನೆಗೆ ಐದರಲ್ಲಿ ಒಂದು ಕೋಶ ಮೃದ್ವಸ್ಥಿಯದೇ ಅಲ್ಲ. ಆ ಹೊತ್ತಿಗೆ ಎರಡೂ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ. ಕಣ್ಣಿಂದ ಹಿಡಿಯಲಾಗದು, ಜೀನ್ ಅಭಿವ್ಯಕ್ತಿಯ ಪರೀಕ್ಷೆಯೇ ಬೇಕು. ಸ್ಕಾಲ್ಪೆಲ್‌ನ ಐದು ನಿಮಿಷ ಉಳಿಸಲು ಹೋಗಿ ಮೂರು ವಾರ ಕಳೆದುಕೊಳ್ಳುವ ವ್ಯವಹಾರ ಇದು.

ಚೂರನ್ನು 1 ಮಿ.ಮೀ. ತುಣುಕು ಮಾಡಿ, ಕೆಲವರು ಮೊದಲು ಒಂದು ಗಂಟೆ ಪ್ರೋಟೀನು ಕರಗಿಸುವ ಪ್ರೊನೇಸ್ ಕಿಣ್ವದಲ್ಲಿಟ್ಟು, ಆಮೇಲೆ ಶೇ. 0.1ರ ಆಸುಪಾಸಿನ, ಕೊಲಾಜನ್ ಕತ್ತರಿಸುವ ಕೊಲಾಜಿನೇಸ್ ಕಿಣ್ವದಲ್ಲಿ 37 ಡಿಗ್ರಿಯಲ್ಲಿ 14-16 ಗಂಟೆ ಮೆಲ್ಲಗೆ ಅಲ್ಲಾಡಿಸುತ್ತಾರೆ. ಮೂರು ಕಡೆ ಎಡವುತ್ತಾರೆ. ಒಂದು, ಕೊಲಾಜಿನೇಸನ್ನು ಮಿ.ಗ್ರಾಂನಲ್ಲಿ ತೂಗುವುದು. ಲಾಟ್‌ನಿಂದ ಲಾಟ್‌ಗೆ ಅದರ ಚಟುವಟಿಕೆ ಬದಲಾಗುತ್ತದೆ, ಯೂನಿಟ್ ಲೆಕ್ಕದಲ್ಲೇ ಹಾಕಬೇಕು. ಎರಡು, ಹಿಂದಿನ ತೊಳೆತದಲ್ಲಿ ಇಡಿಟಿಎ ಉಳಿಸುವುದು. ಕೊಲಾಜಿನೇಸ್‌ಗೆ ಕ್ಯಾಲ್ಸಿಯಂ ಬೇಕೇ ಬೇಕು. ಇಡಿಟಿಎ ಅದನ್ನು ಕಸಿದುಕೊಂಡರೆ ಬೆಳಿಗ್ಗೆ ತುಣುಕುಗಳು ಹಾಗೇ ಬಿದ್ದಿರುತ್ತವೆ. ಮೂರು, ಹೊತ್ತು ಮೀರಿಸುವುದು. ಕೋಶಗಳು ಒಡೆದು ಡಿಎನ್‌ಎ ಹೊರಬಂದು ಬೆಂಡೆಕಾಯಿ ಲೋಳೆಯಂತೆ ನೂಲು ಎಳೆಯುತ್ತದೆ, ಆ ಲೋಳೆಯಲ್ಲಿ ಬದುಕಿದ ಕೋಶಗಳೂ ಸಿಕ್ಕಿಕೊಂಡು 100 ಮೈಕ್ರಾನ್ ಜಾಲರಿಯ ಮೇಲೇ ಉಳಿದುಬಿಡುತ್ತವೆ. ಸೋಸಿದ ಮೇಲೆ 300 ಜಿ (ಗುರುತ್ವದ 300 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ, ತೊಳೆದು, ಎಣಿಸಿ, ಫ್ಲಾಸ್ಕಿಗೆ. ಮೂರು ದಿನ ಫ್ಲಾಸ್ಕ್ ಅಲ್ಲಾಡಿಸಬೇಡಿ. ಹೆಪ್ಪು ಹಾಕಿದ ಹಾಲನ್ನು ಮತ್ತೆಮತ್ತೆ ಕಲಕಿ ನೋಡುವವರ ಮನೆಯಲ್ಲಿ ಮೊಸರು ಆಗುವುದಿಲ್ಲ.

ಮೀಡಿಯಾ, ಸೀರಮ್, ಮತ್ತು ರೋಗಿಗೆ ಹೇಳಬೇಕಾದ ಮಾತು

ಮೀಡಿಯಾ ಅಂದರೆ ಕೋಶ ಬೆಳೆಯುವ ಪೋಷಕ ದ್ರವ. ಡಿಎಂಇಎಂ-ಎಫ್12 ಎಂಬ ಸಿದ್ಧ ದ್ರವ, ಶೇ. 10 ಸೀರಮ್, ಆಸ್ಕಾರ್ಬೇಟ್ (ವಿಟಮಿನ್ ಸಿ): ಮೂಲ ಅಡುಗೆ ಇಷ್ಟೇ. ಜಗಳ ಪೂರ್ತಿ ಸೀರಮ್ಮಿನದು. ಗೋಥೆನ್‌ಬರ್ಗ್‌ನವರು ರೋಗಿಯ ಸ್ವಂತ ಸೀರಮ್ ಬಳಸಿದರು. ಸುರಕ್ಷಿತ, ಆದರೆ ಒಬ್ಬೊಬ್ಬರ ಸೀರಮ್ ಒಂದೊಂದು ವೇಗದಲ್ಲಿ ಬೆಳೆಸುತ್ತದೆ, ಹಾಗಾಗಿ ಶಸ್ತ್ರಚಿಕಿತ್ಸೆಯ ದಿನಾಂಕ ಕೊಡಲಾಗದು. ಕರುವಿನ ಭ್ರೂಣದ ಸೀರಮ್ ನಂಬಿಕಸ್ಥ. ಅದಕ್ಕೆ ಹುಚ್ಚು ದನದ ರೋಗದ ಅಪಾಯ ನಗಣ್ಯವಾದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶದ ಮೂಲ, ಗಾಮಾ ವಿಕಿರಣ, ಪ್ರಮಾಣಪತ್ರ ಎಲ್ಲ ಬೇಕು. ಖರೀದಿಗೆ ಮೊದಲು ಕನಿಷ್ಠ ಮೂರು ಲಾಟ್ ತರಿಸಿ ಅಕ್ಕಪಕ್ಕ ಬೆಳೆಸಿ ನೋಡಿ, ಗೆದ್ದ ಲಾಟನ್ನು ಒಂದೆರಡು ವರ್ಷಕ್ಕಾಗುವಷ್ಟು ಕಾಯ್ದಿರಿಸಿ.

ಮೂರನೆಯದು ಮನುಷ್ಯರ ಪ್ಲೇಟ್‌ಲೆಟ್ ಲೈಸೇಟ್, ಅಂದರೆ ರಕ್ತದ ಪ್ಲೇಟ್‌ಲೆಟ್ ಒಡೆದು ತೆಗೆದ ರಸ. ಇದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಇರುವುದರಿಂದ ಮೀಡಿಯಾದ ಕ್ಯಾಲ್ಸಿಯಂ ತಗುಲಿದರೆ ಇಡೀ ಬಾಟಲಿ ಜೆಲ್ಲಿಯಾಗುತ್ತದೆ. ಮಿ.ಲೀ.ಗೆ 2 ಯೂನಿಟ್ ಹೆಪಾರಿನ್ (ಹೆಪ್ಪುಗಟ್ಟುವುದನ್ನು ತಡೆಯುವ ಔಷಧ) ಮೊದಲು, ಲೈಸೇಟ್ ಆಮೇಲೆ. ಕ್ರಮ ತಿರುಗಿಸಿದರೆ ಬಾಟಲಿ ಚೆಲ್ಲಬೇಕು. ತಮಾಷೆಯೆಂದರೆ, ಪ್ರಾಣಿಮೂಲ ಬೇಡವೆಂದು ಲೈಸೇಟ್‌ಗೆ ಬಂದವರು ಹಾಕುವ ಹೆಪಾರಿನ್ ಬಹುತೇಕ ಹಂದಿಯ ಕರುಳಿನದು. ಫ್ಲಾಸ್ಕಿನಿಂದ ಕೋಶ ಬಿಡಿಸುವ ಕಿಣ್ವ ಟ್ರಿಪ್ಸಿನ್ ಕೂಡ ಸಾಂಪ್ರದಾಯಿಕವಾಗಿ ಹಂದಿಯದೇ. ಅದರ ವೈರಸ್ ತಲೆನೋವು ಬೇಡವೆಂದರೆ ರಿಕಾಂಬಿನಂಟ್ ಕಿಣ್ವ ಸಿಗುತ್ತದೆ. ಆಸ್ಕಾರ್ಬೇಟ್ ಹಾಕಿ ಹೆಚ್ಚು ದಿನ ಬಿಟ್ಟ ಫ್ಲಾಸ್ಕಿನಲ್ಲಿ ಇದ್ಯಾವುದೂ ಸಾಲದು: ಕೋಶಗಳು ತಾವೇ ನೇಯ್ದ ಮ್ಯಾಟ್ರಿಕ್ಸ್ ಸಮೇತ ನೀರ್‌ದೋಸೆಯಂತೆ ಒಂದೇ ಹಾಳೆಯಾಗಿ ಎದ್ದು ಬರುತ್ತವೆ. ಬಿಡಿಸಲು ಮತ್ತೆ ಸ್ವಲ್ಪ ಕೊಲಾಜಿನೇಸ್ ಬೇಕಾಗುತ್ತದೆ.

ದನದ ಸೀರಮ್, ಹಂದಿಯ ಕೊಲಾಜನ್ ಪೊರೆ ಬಳಸಿದ್ದರೆ ಅದು ಒಪ್ಪಿಗೆ ಪತ್ರದಲ್ಲಿ ಇರಲೇಬೇಕು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ. ನಮ್ಮ ಕಡೆ ಇದು ಬರೀ ವಿಧಿಯಲ್ಲ. ಹುಬ್ಬಳ್ಳಿಯ ರೋಗಿ ಇಂಗ್ಲಿಷಿನ 12 ಪುಟಕ್ಕೆ ಸಹಿ ಹಾಕಿ, ಆಮೇಲೆ ಹಂದಿಯ ವಿಷಯ ಪತ್ರಿಕೆಯಲ್ಲಿ ಓದಿ ತಿಳಿಯುವಂತಾಗಬಾರದು.

ಕೋಣೆ

ಯುರೋಪಿನ ಜಿಎಂಪಿ (ಔಷಧ ತಯಾರಿಕೆಯ ಗುಣಮಟ್ಟದ) ನಿಯಮದಲ್ಲಿ ತೆರೆದ ಫ್ಲಾಸ್ಕ್ ಮುಟ್ಟುವ ಜಾಗ ಎ ದರ್ಜೆ, ಅದರ ಸುತ್ತಲಿನ ಕೋಣೆ ಬಿ ದರ್ಜೆ. ಎ ದರ್ಜೆಯಲ್ಲಿ ಘನ ಮೀಟರ್ ಗಾಳಿಗೆ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣ 3,520 ಮೀರಬಾರದು, ಸೂಕ್ಷ್ಮಜೀವಿ ಒಂದೂ ಬೆಳೆಯಬಾರದು. ಕೆಲಸ ನಡೆಯುತ್ತಿರುವ ಬಿ ಕೋಣೆಗೆ 3,52,000 ಕಣದ ಮಿತಿ, ಘನ ಮೀಟರ್‌ಗೆ 10 ಕಾಲೊನಿ. ದರ್ಜೆ ಬದಲಾಗುವ ಕೋಣೆಗಳ ನಡುವೆ ಕನಿಷ್ಠ 10 ಪಾಸ್ಕಲ್ ಒತ್ತಡದ ವ್ಯತ್ಯಾಸ. ಐಸೊಲೇಟರ್ ಥರ ಮುಚ್ಚಿದ ವ್ಯವಸ್ಥೆ ಬಳಸಿದರೆ ಸುತ್ತಲ ಕೋಣೆಯ ದರ್ಜೆ ಕೆಳಗಿಳಿಸಬಹುದು. ವರ್ಷಕ್ಕೆ ನಲವತ್ತು ಐವತ್ತು ರೋಗಿಗಳ ಪುಟ್ಟ ಘಟಕಕ್ಕೆ ಅದೇ ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿ ದರ್ಜೆಯ ಕೋಣೆಯನ್ನು ಹಗಲು ರಾತ್ರಿ ಉಸಿರಾಡಿಸುವ ಕರೆಂಟ್ ಬಿಲ್ ಯೋಜನಾ ವರದಿಯಲ್ಲಿ ಯಾರೂ ಸರಿಯಾಗಿ ಬರೆಯುವುದಿಲ್ಲ.

ಅಂಕಿಗಳಿಗಿಂತ ಸಣ್ಣಪುಟ್ಟ ಜಾಗಗಳೇ ಕೈಕೊಡುವುದು. ಇನ್‌ಕ್ಯುಬೇಟರಿನ ನೀರಿನ ತಟ್ಟೆ ಬೂಷ್ಟಿನ ತವರು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ವಾರಕ್ಕೊಮ್ಮೆ ಕ್ರಿಮಿರಹಿತ ನೀರು ಬದಲಿಸಬೇಕು. ಫ್ಲಾಸ್ಕಿನ ಕತ್ತಿನವರೆಗೆ ಮೀಡಿಯಾ ಚಿಮ್ಮಿ ಮುಚ್ಚಳದ ಫಿಲ್ಟರ್ ಒದ್ದೆಯಾದರೆ ಆ ತೇವವೇ ಹೊರಗಿನ ಸೂಕ್ಷ್ಮಜೀವಿಗೆ ಏಣಿ. ಶೇ. 70 ಐಸೊಪ್ರೊಪೈಲ್ ಆಲ್ಕೊಹಾಲ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಸ್ಪೋರ್ ಕೊಲ್ಲುವುದಿಲ್ಲ. ಅದಕ್ಕೆ ಹೈಡ್ರೊಜನ್ ಪೆರಾಕ್ಸೈಡ್ ಅಥವಾ ಪೆರಾಸೆಟಿಕ್ ಆಮ್ಲ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು. ಅದೇ ಆಲ್ಕೊಹಾಲ್ ಕೈಬರಹದ ಲೇಬಲ್ ಅಳಿಸಿಬಿಡುತ್ತದೆ. ರೋಗಿಯ ಸ್ವಂತ ಕೋಶದ ಉದ್ಯಮದಲ್ಲಿ ಅದಕ್ಕಿಂತ ದೊಡ್ಡ ಅನಾಹುತವಿಲ್ಲ, ಹಾಗಾಗಿ ಒಂದು ಹೊತ್ತಿಗೆ ಹುಡ್‌ನಲ್ಲಿ ಒಬ್ಬ ರೋಗಿಯ ವಸ್ತು ಮಾತ್ರ, ಮುದ್ರಿತ ಲೇಬಲ್, ಎರಡನೆಯವರ ಕಣ್ಣು.

ಕೈಗಳ ಪರೀಕ್ಷೆ ಬೇರೆ. ಕೋಶದ ಬದಲು ಸೂಕ್ಷ್ಮಜೀವಿ ಚೆನ್ನಾಗಿ ಬೆಳೆಯುವ ಟ್ರಿಪ್ಟಿಕ್ ಸೋಯ್ ಸಾರು ಹಾಕಿ, ಬಯಾಪ್ಸಿಯಿಂದ ಪ್ಯಾಕಿಂಗ್‌ವರೆಗೆ ಎಲ್ಲ ಹೆಜ್ಜೆ ನಟಿಸಿ, 14 ದಿನ ಕಾಯಿಸಿ ನೋಡಬೇಕು. ಶುರುವಿಗೆ ಸತತ ಮೂರು ಸಲ, ಆಮೇಲೆ ಆರು ತಿಂಗಳಿಗೊಮ್ಮೆ. ನಟನೆಯಲ್ಲಿ ಸುಸ್ತು, ಶಿಫ್ಟ್ ಬದಲಾವಣೆ, ಕೈತಪ್ಪಿ ಬಿದ್ದ ಪಿಪೆಟ್ ಕೂಡ ಸೇರಿರಬೇಕು. ಬೆಳಗಿನ ಒಂಬತ್ತಕ್ಕೆ ಅತ್ಯುತ್ತಮ ಕೈಯವರು ಮಾಡಿ ತೋರಿಸಿದರೆ ಅದು ಪರೀಕ್ಷೆಯಲ್ಲ, ಪ್ರದರ್ಶನ.

ಮೈಕೊಪ್ಲಾಸ್ಮಾ

ಬ್ಯಾಕ್ಟೀರಿಯಾ ಬಂದರೆ ಮೀಡಿಯಾ ಕದಡುತ್ತದೆ, ಗೊತ್ತಾಗುತ್ತದೆ. ಮೈಕೊಪ್ಲಾಸ್ಮಾ ಎಂಬ ಅತಿ ಪುಟ್ಟ ಬ್ಯಾಕ್ಟೀರಿಯಾ ಬಂದರೆ ಮೀಡಿಯಾ ತಿಳಿಯಾಗಿಯೇ ಇರುತ್ತದೆ. ಕೋಶಭಿತ್ತಿ ಇಲ್ಲದ್ದರಿಂದ ಮೆತ್ತಗೆ ಹಿಸುಕಿಕೊಂಡು 0.22 ಮೈಕ್ರಾನ್ ಫಿಲ್ಟರ್ ದಾಟುತ್ತದೆ, ಸೀರಮ್ಮಿಗೆ 0.1 ಮೈಕ್ರಾನ್ ಬೇಕು. ಪೆನಿಸಿಲಿನ್‌ಗೆ ದಾಳಿ ಮಾಡಲು ಭಿತ್ತಿಯೇ ಇಲ್ಲ. ಕಾಣುವುದು ಇಷ್ಟೇ: ಕೋಶಗಳು ಯಾಕೋ ಮಂಕಾಗುತ್ತವೆ, ಇಮ್ಮಡಿಯಾಗಲು ಅರ್ಧ ದಿನ ಹೆಚ್ಚು ತಗೊಳ್ಳುತ್ತವೆ. ಯಾವ ಜಾತಿ ಸಿಕ್ಕಿತು ಎಂಬುದೇ ಮೂಲವನ್ನು ತೋರಿಸುತ್ತದೆ. ಒರಾಲೆ ಆದರೆ ಮನುಷ್ಯರ ಬಾಯಿಯಿಂದ, ಹಯೊರೈನಿಸ್ ಆದರೆ ಹಂದಿಮೂಲದ ಟ್ರಿಪ್ಸಿನ್ ಮೇಲೆ ಅನುಮಾನ, ಆರ್ಜಿನಿನಿ ಆದರೆ ದನದ ಸೀರಮ್. ಔಷಧಗಳ ಅಧಿಕೃತ ಪ್ರಮಾಣಗ್ರಂಥವಾದ ಫಾರ್ಮಕೋಪಿಯಾದ ಕಲ್ಚರ್ ಪರೀಕ್ಷೆಗೆ 28 ದಿನ. ಅಷ್ಟು ಕಾಯಲು ನಮಗೆ ಹೊತ್ತಿಲ್ಲ. ಮಿ.ಲೀ.ಗೆ 10 ಕಾಲೊನಿ ಘಟಕವನ್ನೂ ಹಿಡಿಯುತ್ತದೆ ಎಂದು ಸಾಬೀತಾದ ಪಿಸಿಆರ್ ಬೇಕು. ಮಾದರಿ ತೆಗೆಯಬೇಕಾದದ್ದು ತೊಳೆದ ಕೋಶದಿಂದಲ್ಲ, ಕೋಶಗಳ ಸಮೇತ ಹಳೆಯ ಮೀಡಿಯಾದಿಂದ.

ಹೊರಡುವ ದಿನ

ಕೊಯ್ಲು, ಎಣಿಕೆ, ಪೊರೆಯ ಒರಟು ಮುಖದ ಮೇಲೆ ಕೋಶ ಬಿತ್ತನೆ, ಮೂರ್ನಾಲ್ಕು ದಿನ ಅಂಟಲು ಬಿಡುವುದು. ಬಿತ್ತುವಾಗ ದ್ರಾವಣ ಅಂಚಿನಿಂದ ಸೋರಿ ತಟ್ಟೆಯ ತಳಕ್ಕೆ ಹೋದರೆ ಕೋಶಗಳು ಅಲ್ಲೇ ಅಂಟಿಕೊಳ್ಳುತ್ತವೆ, ಪೊರೆ ಬರಿದಾಗಿರುತ್ತದೆ; ಕಡಿಮೆ ಪ್ರಮಾಣ, ನಿಧಾನ ಹನಿ, ಸಮತಟ್ಟು ಶೆಲ್ಫ್. ಬಿಡುಗಡೆಯ ಪಟ್ಟಿಯಲ್ಲಿ ಜೀವಂತಿಕೆ (ಅಮೆರಿಕದ ನಿಯಂತ್ರಕರ ಸಾಮಾನ್ಯ ಕನಿಷ್ಠ ಶೇ. 70), ಕೋಶಸಂಖ್ಯೆ, ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ), ಮೈಕೊಪ್ಲಾಸ್ಮಾ, ಗುರುತು, ಸಾಮರ್ಥ್ಯ, ಕ್ರಿಮಿರಾಹಿತ್ಯ. ಸಾಮರ್ಥ್ಯದ ಪರೀಕ್ಷೆಯೇ ಕಗ್ಗಂಟು. ಅಗ್ರಿಕ್ಯಾನ್ ಜೀನ್ ಚುರುಕಾಗಿದೆ ಎಂದು ತೋರಿಸಬಹುದು. ಆ ಕೋಶ ಮಂಡಿಯಲ್ಲಿ ಮೃದ್ವಸ್ಥಿ ಕಟ್ಟುತ್ತದೆ ಎಂದು ಯಾವ ನಳಿಕೆಯೂ ಹೇಳಲಾರದು.

ಉಳಿದ ಪಾಲನ್ನು, ಹಿಮದ ಹರಳಿನಿಂದ ಕೋಶ ಕಾಯುವ ಶೇ. 10 ಡಿಎಂಎಸ್‌ಒದಲ್ಲಿ, ನಿಮಿಷಕ್ಕೆ 1 ಡಿಗ್ರಿ ಇಳಿಸಿ, ದ್ರವ ಸಾರಜನಕದ ಆವಿಯಲ್ಲಿಡಿ, ದ್ರವದೊಳಗೆ ಮುಳುಗಿಸಬೇಡಿ. ಬ್ರಿಟನ್ನಿನಲ್ಲಿ ಸೋರಿದ ಚೀಲವೊಂದರಿಂದ ಅದೇ ಟ್ಯಾಂಕಿನ ಬೇರೆ ಮೂಳೆಮಜ್ಜೆಗಳಿಗೆ ಹೆಪಟೈಟಿಸ್ ಬಿ ಹರಡಿದ್ದು 1995ರಲ್ಲಿ ವರದಿಯಾಗಿದೆ.

ಭಾರತದಲ್ಲಿ, ಕೋಶವನ್ನು ಕಲ್ಚರಿನಲ್ಲಿ ಬೆಳೆಸಿದ ಕೂಡಲೇ ಅದು ಕನಿಷ್ಠ ಮಾರ್ಪಾಡಿನ ಗೆರೆ ದಾಟುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಆಕರಕೋಶಗಳ (ಸ್ಟೆಮ್ ಸೆಲ್) ಬಗ್ಗೆ ಈ ಗೆರೆ ಎಳೆದಿದೆ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಆಕರಕೋಶಗಳಿಂದ ಮಾಡಿದ ಉತ್ಪನ್ನವನ್ನು ಹೊಸ ಔಷಧವೆಂದೇ ನೋಡುತ್ತವೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್ ಈ ದಾರಿಯಲ್ಲಿ ನಡೆದು ಬಂದದ್ದು. ಅದು ಹಲವು ದಾನಿಗಳ ಮೂಳೆಮಜ್ಜೆಯ ಕೋಶ ಕೂಡಿಸಿ ಬ್ಯಾಂಕ್ ಮಾಡಿ, ಹೆಪ್ಪುಗಟ್ಟಿಸಿ ಇಡುವ ಉತ್ಪನ್ನ. ಅವರಿಗೆ ಇರುವ ಒಂದು ಸುಖ ನಮಗಿಲ್ಲ: ಎಲ್ಲ ಪರೀಕ್ಷೆ ಮುಗಿದ ಮೇಲೆ ಸೀಸೆ ಹೊರಗೆ ಕಳಿಸಬಹುದು.

ರೋಗಿಯ ಸ್ವಂತ ಮೃದ್ವಸ್ಥಿಯ ಪೊರೆ ಕೆಲವೇ ದಿನ ಬಾಳುತ್ತದೆ, ಕ್ರಿಮಿರಾಹಿತ್ಯ ಪರೀಕ್ಷೆಗೆ 14 ದಿನ. ಹಾಗಾಗಿ ಬಿತ್ತನೆಗೂ ಮುಂಚಿನ ಮೀಡಿಯಾದ ಪೂರ್ಣ ಫಲಿತಾಂಶ, ಅಂತಿಮ ಮಾದರಿಗೆ ಬಣ್ಣ ಹಾಕಿ ಬ್ಯಾಕ್ಟೀರಿಯಾ ಹುಡುಕುವ ಗ್ರಾಂ ಸ್ಟೇನ್ ಪರೀಕ್ಷೆ, ಸೂಕ್ಷ್ಮಜೀವಿ ಬೆಳವಣಿಗೆ ಕಾಯುವ ಯಂತ್ರದಲ್ಲಿ ಅಲ್ಲಿಯವರೆಗೆ ಏನೂ ಬೆಳೆಯದಿರುವುದು, ಇಷ್ಟರ ಮೇಲೆ ಷರತ್ತಿನ ಬಿಡುಗಡೆ. ಮೀಡಿಯಾದಲ್ಲಿ ಜೆಂಟಾಮೈಸಿನ್ ಇದ್ದರೆ ಅದೇ ಪರೀಕ್ಷೆಯ ಬಾಯಿ ಮುಚ್ಚಿಸುತ್ತದೆ; ಬೇಕೆಂದೇ ಬೆರಳೆಣಿಕೆಯ ಬ್ಯಾಕ್ಟೀರಿಯಾ ಹಾಕಿ ಪರೀಕ್ಷೆ ಅದನ್ನು ಹಿಡಿಯುತ್ತದೆಯೇ ಎಂದು ಮೊದಲೇ ನೋಡಿರಬೇಕು. ಒಂಬತ್ತನೇ ದಿನ ಪರೀಕ್ಷೆಯ ಬಾಟಲಿ ಕದಡಿದರೆ ಪೊರೆ ಆಗಲೇ ಮಂಡಿಯೊಳಗಿರುತ್ತದೆ. ಆ ದಿನಕ್ಕೆ ಬೇಕಾದ್ದು ಬಿಡುಗಡೆಯ ಕಡತದ ಮೊದಲ ಹಾಳೆಯಲ್ಲೇ ಇರಲಿ: ಯಾವ ಸರ್ಜನ್‌ಗೆ ಎಷ್ಟು ಗಂಟೆಯೊಳಗೆ ಫೋನ್, ಜೀವಿಯ ಗುರುತು ಮತ್ತು ಆಂಟಿಬಯಾಟಿಕ್ ಪರೀಕ್ಷೆ ಯಾವ ಲ್ಯಾಬಿಗೆ, ಉಳಿಸಿಟ್ಟ ಮಾದರಿ ಯಾವ ಫ್ರೀಜರಿನ ಎಷ್ಟನೇ ಖಾನೆಯಲ್ಲಿ.